ಸಾಹಸ ಆಟಗಳನ್ನು ಕಟ್ಟುವವರಿಗೊಂದು ಬಹಿರಂಗ ಪತ್ರ: ಕಷ್ಟದ ಮಟ್ಟವನ್ನು ಆಡುವವರ ಕೈಗೆ ಕೊಡಿ

ಕರ್ನಾಟಕದಲ್ಲಿ ಸಾಹಸ ವಿಡಿಯೊ ಗೇಮ್‌ಗಳನ್ನು ರೂಪಿಸುತ್ತಿರುವ ಎಲ್ಲ ವಿನ್ಯಾಸಕರಿಗೆ ಹಾಗೂ ಈ ಉದ್ಯಮಕ್ಕೆ ಬೆಂಬಲವಾಗಿ ನಿಂತಿರುವ ರಾಜ್ಯದ ಮಾಹಿತಿ ತಂತ್ರಜ್ಞಾನ ಇಲಾಖೆಯ ಅಧಿಕಾರಿಗಳಿಗೆ,

ಮಾನ್ಯರೇ,

ಅನಿಮೇಷನ್, ವಿಷುವಲ್ ಎಫೆಕ್ಟ್ಸ್, ಗೇಮಿಂಗ್ ಮತ್ತು ಕಾಮಿಕ್ಸ್ ಕ್ಷೇತ್ರಗಳಿಗೆಂದೇ 2012ರಲ್ಲಿ ಪ್ರತ್ಯೇಕ ನೀತಿಯೊಂದನ್ನು ತಂದ ರಾಜ್ಯ ನಮ್ಮದು. ಆ ನೀತಿಯ ಈಗಿನ ರೂಪ 2024ರಿಂದ 2029ರವರೆಗಿನ ಅವಧಿಯದು. ಕಲಬುರಗಿಯಲ್ಲಿ ಪದವಿಪೂರ್ವ ಕಾಲೇಜಿನ ಮಕ್ಕಳಿಗೆ ಕಂಪ್ಯೂಟರ್ ವಿಜ್ಞಾನ ಕಲಿಸುವ ನನಗೆ ಇದು ದೂರದ ಸುದ್ದಿಯಲ್ಲ. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ಇಂದು ಬೆಂಗಳೂರಿನಲ್ಲಿದ್ದು, ನಮ್ಮ ಭಾಗದ ಕೋಟೆ, ಸುರಂಗ, ದರ್ಗಾ, ಮಠಗಳ ಹಿನ್ನೆಲೆಯಲ್ಲಿ ಸಾಹಸ ಆಟವೊಂದನ್ನು ಕಟ್ಟಬೇಕೆಂಬ ಹಂಬಲ ಇಟ್ಟುಕೊಂಡಿದ್ದಾರೆ. ಅವರು ರಜೆಗೆ ಊರಿಗೆ ಬಂದಾಗಲೆಲ್ಲ ನಮ್ಮ ನಡುವೆ ಏಳುವ ಚರ್ಚೆ ಒಂದೇ: ಕಷ್ಟದ ಮಟ್ಟವನ್ನು ಆಯ್ದುಕೊಳ್ಳುವ ಅವಕಾಶ ಆಡುವವರಿಗೆ ಇರಬೇಕೇ, ಇಲ್ಲವೇ ಕಟ್ಟಿದವರು ಇಟ್ಟ ಒಂದೇ ಮಟ್ಟದಲ್ಲಿ ಎಲ್ಲರೂ ಆಡಬೇಕೇ? ಅವಕಾಶ ಇರಲೇಬೇಕು ಎಂಬುದು ನನ್ನ ನಿಲುವು. ಆದರೆ ಆಟ ಆರಂಭವಾಗುವ ಮೊದಲೇ ‘ಸುಲಭ, ಸಾಧಾರಣ, ಕಠಿಣ’ ಎಂಬ ಮೂರು ಪದಗಳನ್ನು ಪರದೆಯ ಮೇಲೆ ತೋರಿಸಿ ಕೈತೊಳೆದುಕೊಳ್ಳುವ ಪದ್ಧತಿಯನ್ನು ನಾನು ಸಮರ್ಥಿಸುತ್ತಿಲ್ಲ. ನಾನು ಕೇಳುತ್ತಿರುವುದು ಅದಕ್ಕಿಂತ ಸೂಕ್ಷ್ಮವಾದದ್ದನ್ನು. ಅದನ್ನು ವಿವರವಾಗಿ ನಿಮ್ಮ ಮುಂದಿಡಲೆಂದೇ ಈ ಪತ್ರ.

ಮೊದಲಿಗೆ, ಸಾಹಸ ಆಟದ ಕಷ್ಟ ಬೇರೆ ಆಟಗಳ ಕಷ್ಟದಂಥದ್ದಲ್ಲ. ಕಾರ್ ರೇಸಿನ ಆಟದಲ್ಲಿ ಕೊನೆಯ ಸ್ಥಾನ ಬಂದವನೂ ಇಡೀ ದಾರಿಯನ್ನು ಓಡಿಸಿರುತ್ತಾನೆ. ಕ್ರಿಕೆಟ್ ಆಟದಲ್ಲಿ ಸೋತವನೂ ಇಪ್ಪತ್ತು ಓವರ್ ಆಡಿರುತ್ತಾನೆ. ಸಾಹಸ ಆಟದಲ್ಲಿ ಮಾತ್ರ ಒಂದು ಬಾಗಿಲು ತೆರೆಯದಿದ್ದರೆ ಅದರ ಆಚೆಗಿರುವ ಊರು, ಜನ, ಮಾತು, ಕತೆಯ ಅಂತ್ಯ ಎಲ್ಲವೂ ಕೈತಪ್ಪುತ್ತವೆ. ದುಡ್ಡು ಕೊಟ್ಟು ತಂದ ಕಾದಂಬರಿಯ ಅರುವತ್ತನೆಯ ಪುಟದ ನಂತರದ ಹಾಳೆಗಳೆಲ್ಲ ಅಂಟಿಕೊಂಡು ಬಿಡಿಸಲಾಗದಂತಾದರೆ ಓದುಗನಿಗೆ ಆಗುವ ನಷ್ಟ ಇಲ್ಲಿ ಆಟಗಾರನಿಗೆ ಆಗುತ್ತದೆ. ಹೀಗಾಗಿ ಬೇರೆ ಆಟಗಳಲ್ಲಿ ಅನುಕೂಲದ ಮಾತಾಗಿರುವ ಕಷ್ಟದ ಮಟ್ಟ, ಸಾಹಸ ಆಟದಲ್ಲಿ ಕತೆ ಯಾರಿಗೆ ತಲುಪಬೇಕು, ಯಾರಿಗೆ ತಲುಪಬಾರದು ಎಂದು ತೀರ್ಮಾನಿಸುವ ಮಾತಾಗುತ್ತದೆ.

ಮಟ್ಟದ ಆಯ್ಕೆಯೆಂಬುದು ಇತ್ತೀಚಿನ ಪೀಳಿಗೆಯ ಮೆತ್ತಗಿನ ಬೇಡಿಕೆ, ಹಳೆಯ ಆಟಗಾರರು ಇಂಥ ಊರುಗೋಲು ಕೇಳಲಿಲ್ಲ ಎಂಬ ವಾದವನ್ನು ನಾನು ಹಲವು ಬಾರಿ ಕೇಳಿದ್ದೇನೆ. ಚರಿತ್ರೆ ಇದನ್ನು ಒಪ್ಪುವುದಿಲ್ಲ. ವಾರೆನ್ ರಾಬಿನೆಟ್ ಅಟಾರಿ 2600 ಯಂತ್ರಕ್ಕೆ ಬರೆದ, 1980ರಲ್ಲಿ ಬಂದ ‘ಅಡ್ವೆಂಚರ್’ ಎಂಬ ಆಟ ಈ ಪ್ರಕಾರದ ಮೂಲಪುರುಷರಲ್ಲಿ ಒಂದು. ಅದರಲ್ಲಿ ಮೂರು ಬಗೆಯ ಆಟಗಳಿದ್ದವು: ಮೊದಲನೆಯದು ಚಿಕ್ಕ ಲೋಕ, ಎರಡನೆಯದು ಪೂರ್ಣ ಲೋಕ, ಮೂರನೆಯದರಲ್ಲಿ ವಸ್ತುಗಳು ಪ್ರತಿ ಬಾರಿಯೂ ಬೇರೆ ಬೇರೆ ಜಾಗದಲ್ಲಿ ಸಿಗುತ್ತಿದ್ದವು. ಇಷ್ಟು ಸಾಲದೆಂಬಂತೆ, ಯಂತ್ರದ ಮೇಲೆಯೇ ಇದ್ದ ಎರಡು ಸ್ವಿಚ್ಚುಗಳಲ್ಲಿ ಒಂದು ಡ್ರ್ಯಾಗನ್ ಎಷ್ಟು ಬೇಗ ಕಚ್ಚುತ್ತದೆ ಎಂಬುದನ್ನು ನಿರ್ಧರಿಸುತ್ತಿತ್ತು, ಇನ್ನೊಂದು ಆಟಗಾರನ ಕೈಯಲ್ಲಿ ಕತ್ತಿ ಕಂಡರೆ ಡ್ರ್ಯಾಗನ್ ಓಡಿಹೋಗಬೇಕೇ ಬೇಡವೇ ಎಂಬುದನ್ನು. ನಾಲ್ಕು ಕಿಲೊಬೈಟಿನ ಆಟದಲ್ಲಿ, ಒಂದೊಂದು ಬೈಟಿಗೂ ಲೆಕ್ಕ ಇಡಬೇಕಾಗಿದ್ದ ಕಾಲದಲ್ಲಿ, ರಾಬಿನೆಟ್ ಈ ಆಯ್ಕೆಗಳಿಗೆ ಜಾಗ ಮಾಡಿಕೊಟ್ಟರು.

ಅದೇ ದಶಕದಲ್ಲಿ ಬರಿಯ ಅಕ್ಷರಗಳಿಂದಲೇ ಸಾಹಸ ಆಟಗಳನ್ನು ರಚಿಸುತ್ತಿದ್ದ ಇನ್ಫೋಕಾಮ್ ಸಂಸ್ಥೆ ತನ್ನ ಆಟಗಳನ್ನು ಆರಂಭಿಕ, ಸಾಧಾರಣ, ಮುಂದುವರಿದ, ಪರಿಣತ ಎಂದು ವಿಂಗಡಿಸಿ ಕೊಳ್ಳುವವರಿಗೆ ಮೊದಲೇ ತಿಳಿಸುತ್ತಿತ್ತು. ಅದಕ್ಕಿಂತ ಹೆಚ್ಚಾಗಿ ನಾವು ಕಲಿಯಬೇಕಾದದ್ದು ಆ ಸಂಸ್ಥೆ ಪ್ರತ್ಯೇಕವಾಗಿ ಮಾರುತ್ತಿದ್ದ ‘ಇನ್‌ವಿಸಿಕ್ಲೂಸ್’ ಎಂಬ ಸುಳಿವಿನ ಪುಸ್ತಿಕೆಗಳಿಂದ. ಅವುಗಳಲ್ಲಿ ಪ್ರಶ್ನೆಗಳು ಮಾತ್ರ ಕಣ್ಣಿಗೆ ಕಾಣುತ್ತಿದ್ದವು. ಉತ್ತರಗಳನ್ನು ಕಾಣದ ಶಾಯಿಯಲ್ಲಿ ಮುದ್ರಿಸಿ, ಜೊತೆಗೊಂದು ವಿಶೇಷ ಪೆನ್ನು ಕೊಡುತ್ತಿದ್ದರು. ಸಿಕ್ಕಿಕೊಂಡ ಆಟಗಾರ ತನ್ನ ಪ್ರಶ್ನೆಯ ಕೆಳಗಿನ ಮೊದಲ ಸಾಲಿನ ಮೇಲೆ ಪೆನ್ನು ಉಜ್ಜಿದರೆ ‘ಆ ಕೋಣೆಯನ್ನು ಇನ್ನೊಮ್ಮೆ ನೋಡಿದೆಯಾ?’ ಎಂಬಂಥ ಮೆಲುದನಿಯ ಸುಳಿವು ಮೂಡುತ್ತಿತ್ತು, ಎರಡನೆಯ ಸಾಲು ಇನ್ನಷ್ಟು ಸ್ಪಷ್ಟ, ಕೊನೆಯ ಸಾಲಿನಲ್ಲಿ ಪೂರ್ಣ ಉತ್ತರ. ಪ್ರಶ್ನೆಗಳನ್ನು ಓದಿಯೇ ಮುಂದಿನ ಕತೆಯನ್ನು ಊಹಿಸಿಬಿಡಬಾರದೆಂದು, ಆಟದಲ್ಲಿ ಇಲ್ಲವೇ ಇಲ್ಲದ ಸಂಗತಿಗಳ ಬಗ್ಗೆಯೂ ಕೆಲವು ಸುಳ್ಳು ಪ್ರಶ್ನೆಗಳನ್ನು ಸೇರಿಸಿರುತ್ತಿದ್ದರು. ಎಷ್ಟು ಸಹಾಯ ಬೇಕು ಎಂಬುದನ್ನು ಆಟಗಾರನೇ ನಿರ್ಧರಿಸುತ್ತಿದ್ದ. ಅಚ್ಚರಿಯನ್ನು ಪುಸ್ತಿಕೆ ಕಾಪಾಡುತ್ತಿತ್ತು. ಕಷ್ಟದ ಮಟ್ಟವನ್ನು ಆಟಗಾರನಿಗೆ ಒಪ್ಪಿಸಿಯೂ ಆಟದ ಘನತೆಯನ್ನು ಉಳಿಸಿಕೊಳ್ಳುವುದಕ್ಕೆ ಇಷ್ಟು ಒಳ್ಳೆಯ ಮಾದರಿ ನನಗೆ ಬೇರೆ ಸಿಕ್ಕಿಲ್ಲ.

ಇದೇ ಇನ್ಫೋಕಾಮ್‌ನ ಬ್ರಯನ್ ಮೊರಿಯಾರ್ಟಿ 1985ರಲ್ಲಿ ‘ವಿಶ್‌ಬ್ರಿಂಗರ್’ ಆಟದಲ್ಲಿ ಬೇರೊಂದು ದಾರಿ ಹಿಡಿದರು. ಅಲ್ಲಿ ಆಟಗಾರನಿಗೆ ಏಳು ವರಗಳನ್ನು ಕೊಡುವ ಕಲ್ಲೊಂದು ಸಿಗುತ್ತದೆ. ಬಹುಪಾಲು ತೊಡಕುಗಳನ್ನು ಆ ವರದಿಂದಲೂ ದಾಟಬಹುದು, ಕಲ್ಲನ್ನು ಮುಟ್ಟದೆ ಬುದ್ಧಿಯಿಂದಲೂ ದಾಟಬಹುದು. ಮೆನು ಇಲ್ಲ, ಸೆಟ್ಟಿಂಗ್ ಇಲ್ಲ. ಮಟ್ಟದ ಆಯ್ಕೆ ಕತೆಯೊಳಗೇ ಇದೆ. ಐದು ವರ್ಷಗಳ ತರುವಾಯ ಅವರೇ ಲ್ಯೂಕಾಸ್‌ಫಿಲ್ಮ್ ಸಂಸ್ಥೆಗೆ ‘ಲೂಮ್’ ರೂಪಿಸಿದರು. ಈ ಆಟದ ಬಗ್ಗೆ ತುಸು ವಿವರವಾಗಿ ಹೇಳಬೇಕು, ಏಕೆಂದರೆ ನನ್ನ ನಿಲುವು ಖಚಿತವಾದದ್ದು ಇದರ ಎದುರಿನಲ್ಲಿ.

‘ಲೂಮ್’ನಲ್ಲಿ ನಾಯಕ ಬಾಬಿನ್‌ನ ಕೈಯಲ್ಲಿ ನೂಲು ಸುತ್ತುವ ಕೋಲೊಂದಿರುತ್ತದೆ, ನಾಲ್ಕು ಸ್ವರಗಳನ್ನು ಸರಿಯಾದ ಕ್ರಮದಲ್ಲಿ ನುಡಿಸಿದರೆ ಒಂದು ಮಂತ್ರವಾಗುತ್ತದೆ. ತೆರೆಯುವ ಮಂತ್ರವನ್ನು ಹಿಂದುಮುಂದಾಗಿ ನುಡಿಸಿದರೆ ಮುಚ್ಚುತ್ತದೆ. ಆಟದಲ್ಲಿ ಮೂರು ಮಟ್ಟಗಳಿವೆ. ಅಭ್ಯಾಸದ ಮಟ್ಟದಲ್ಲಿ ಸ್ವರಗಳ ಗುರುತುಗಳು ಪರದೆಯ ಮೇಲೆ ಬರೆದು ಕಾಣುತ್ತವೆ. ಪರಿಣತರ ಮಟ್ಟದಲ್ಲಿ ಕಣ್ಣಿಗೆ ಏನೂ ಕಾಣುವುದಿಲ್ಲ. ಕಿವಿಯಿಂದ ಕೇಳಿಯೇ ಸ್ವರಗಳನ್ನು ಹಿಡಿಯಬೇಕು. ಇದನ್ನು ನಾನು ಕಾಲೇಜಿನ ಪ್ರಯೋಗಾಲಯದಲ್ಲಿ ಇಬ್ಬರು ಹುಡುಗರಿಗೆ ಆಡಲು ಕೊಟ್ಟಿದ್ದೆ. ಒಬ್ಬ ಗಣಿತದಲ್ಲಿ ತರಗತಿಗೇ ಮೊದಲಿಗ. ಪರಿಣತರ ಮಟ್ಟ ಆಯ್ದುಕೊಂಡು, ಒಂದು ಸ್ವರ ಮೇಲೆ ಹೋಯಿತೋ ಕೆಳಗೆ ಬಂದಿತೋ ತಿಳಿಯದೆ ತಲೆ ಹಿಡಿದು ಕುಳಿತ. ಇನ್ನೊಬ್ಬ ಓದಿನಲ್ಲಿ ಹಿಂದೆ, ಆದರೆ ತನ್ನ ಓಣಿಯ ಭಜನಾ ಮಂಡಳಿಯಲ್ಲಿ ಹಾರ್ಮೋನಿಯಂ ನುಡಿಸುವವನು. ಅವನು ಕಣ್ಣು ಮುಚ್ಚಿಕೊಂಡು ಕೇಳಿ, ಬೆರಳಿನಿಂದ ಮೇಜಿನ ಮೇಲೆ ನಾಲ್ಕು ಸಲ ಒತ್ತಿ ನೋಡಿ, ತಡವರಿಸದೆ ನುಡಿಸಿದ. ‘ಸರ್, ಇದಕ್ಕ್ಯಾಕ ಕಠಿಣ ಅಂತಾರ್ರಿ? ಇದು ಕೇಳಿದ್ರ ತಾನೇ ತಿಳೀತದಲ್ರಿ’ ಎಂದು ನನ್ನನ್ನೇ ಕೇಳಿದ.

ಆ ಪ್ರಶ್ನೆ ನ್ಯಾಯವಾದದ್ದು. ಕಠಿಣ ಎಂಬುದು ಆಟದೊಳಗೆ ಕುಳಿತಿರುವ ವಸ್ತುವಲ್ಲ. ಆಟಕ್ಕೂ ಆಡುವವನಿಗೂ ನಡುವೆ ಹುಟ್ಟುವ ಸಂಬಂಧ ಅದು. ಒಬ್ಬನ ಬಲ ಕಿವಿ, ಒಬ್ಬನದು ಕಣ್ಣು, ಒಬ್ಬನದು ಬೆರಳಿನ ಚುರುಕು, ಒಬ್ಬನದು ತಾಳ್ಮೆ. ಹೀಗಿರುವಾಗ ಎಲ್ಲರನ್ನೂ ಸುಲಭದಿಂದ ಕಠಿಣದವರೆಗಿನ ಒಂದೇ ಏಣಿಯ ಮೇಲೆ ನಿಲ್ಲಿಸುವುದು ಲೆಕ್ಕಕ್ಕೇ ತಪ್ಪು. ಶ್ರವಣ ದೋಷವಿರುವ ಮಗುವಿಗೆ ‘ಲೂಮ್’ನ ಪರಿಣತರ ಮಟ್ಟ ಕಠಿಣವಲ್ಲ, ಅಸಾಧ್ಯ, ಆ ಮಗುವಿನ ಬುದ್ಧಿಗೂ ಆ ಅಸಾಧ್ಯಕ್ಕೂ ಯಾವ ಸಂಬಂಧವೂ ಇಲ್ಲ.

ಆದುದರಿಂದ ನನ್ನ ಮೊದಲ ಬೇಡಿಕೆ, ಒಂದೇ ಏಣಿಯ ಬದಲು ಬೇರೆ ಬೇರೆ ಬಗೆಯ ಕಷ್ಟಗಳಿಗೆ ಬೇರೆ ಬೇರೆ ಆಯ್ಕೆಗಳನ್ನು ಕೊಡಿ ಎಂಬುದು. ಇದು ಹೊಸ ಆವಿಷ್ಕಾರವೇನೂ ಅಲ್ಲ. 2001ರ ‘ಸೈಲೆಂಟ್ ಹಿಲ್ 2’ ಹೊಡೆದಾಟಕ್ಕೆ ಒಂದು ಮಟ್ಟ, ಒಗಟುಗಳಿಗೆ ಇನ್ನೊಂದು ಮಟ್ಟ ಎಂದು ಬೇರ್ಪಡಿಸಿತ್ತು. ರಾಕ್ಷಸರೊಡನೆ ಸೆಣಸಲು ಮನಸ್ಸಿಲ್ಲದ, ಆದರೆ ಒಗಟು ಬಿಡಿಸುವುದರಲ್ಲಿ ಪಳಗಿದ ಆಟಗಾರ ತನಗೆ ತಕ್ಕಂತೆ ಆಡಬಹುದಿತ್ತು. 2018ರ ‘ಶ್ಯಾಡೋ ಆಫ್ ದ ಟೂಂಬ್ ರೈಡರ್’ ಹೋರಾಟ, ಅನ್ವೇಷಣೆ, ಒಗಟು ಎಂದು ಮೂರು ಪ್ರತ್ಯೇಕ ಮಟ್ಟಗಳನ್ನು ಇಟ್ಟಿತು. ಅನ್ವೇಷಣೆಯ ಮಟ್ಟವನ್ನು ಏರಿಸಿದರೆ, ಎಲ್ಲಿ ಹತ್ತಬೇಕೆಂದು ತೋರಿಸಲು ಬಂಡೆಯ ಅಂಚಿಗೆ ಬಳಿದ ಬಿಳಿ ಬಣ್ಣ ಮಾಯವಾಗುತ್ತದೆ. ಆ ಬಣ್ಣ ಕೆಲವರಿಗೆ ಬೇಕು, ಕೆಲವರಿಗೆ ಕಣ್ಣಿಗೆ ಚುಚ್ಚುತ್ತದೆ. ಇಬ್ಬರಿಗೂ ಒಂದೇ ಆಟ ಸಾಕಾಯಿತು. 1992ರ ‘ಇಂಡಿಯಾನಾ ಜೋನ್ಸ್ ಅಂಡ್ ದ ಫೇಟ್ ಆಫ್ ಅಟ್ಲಾಂಟಿಸ್’ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿತ್ತು. ಜೊತೆಗಾರ್ತಿಯೊಡನೆ ಹೋಗುವ ದಾರಿ, ಬುದ್ಧಿಯ ದಾರಿ, ಮುಷ್ಟಿಯ ದಾರಿ ಎಂದು ಮೂರು ದಾರಿಗಳು ಅದರಲ್ಲಿದ್ದವು. ಮೇಲು ಕೀಳೆಂಬ ಮಾತೇ ಅಲ್ಲಿಲ್ಲ, ನಿನ್ನ ಸ್ವಭಾವ ಯಾವುದು ಎಂಬ ಪ್ರಶ್ನೆಯೊಂದೇ ಇದೆ.

ಎದುರು ಪಕ್ಷದ ವಾದವನ್ನು ನಾನು ಹಗುರವಾಗಿ ನೋಡುತ್ತಿಲ್ಲ. ಜಪಾನಿನ ನಿರ್ದೇಶಕ ಹಿದೆತಾಕಾ ಮಿಯಾಝಾಕಿ ತಮ್ಮ ಆಟಗಳಲ್ಲಿ ಮಟ್ಟದ ಆಯ್ಕೆ ಇಟ್ಟಿಲ್ಲ. ಎಲ್ಲರೂ ಒಂದೇ ಸವಾಲಿನ ಎದುರು ನಿಂತು, ಅದನ್ನು ದಾಟಿದ ಸಂತೋಷವನ್ನು ಸಮನಾಗಿ ಹಂಚಿಕೊಳ್ಳಬೇಕೆಂಬುದು ಅವರ ನಿಲುವು. 2019ರಲ್ಲಿ ಅವರ ‘ಸೆಕಿರೊ’ ಬಂದಾಗ ಈ ಕುರಿತು ಜಗತ್ತಿನಾದ್ಯಂತ ದೊಡ್ಡ ಚರ್ಚೆಯೇ ನಡೆಯಿತು. ಒಂದೇ ಬೆಟ್ಟವನ್ನು ಹತ್ತಿದವರ ನಡುವೆ ಹುಟ್ಟುವ ಮಾತಿನ ಸೊಗಸು ನನಗೂ ಗೊತ್ತು. ಆದರೆ ಅವರದೇ ಸಂಸ್ಥೆಯ ‘ಎಲ್ಡನ್ ರಿಂಗ್’ ಅನ್ನು ನೋಡಿ: ಮೆನುವಿನಲ್ಲಿ ಮಟ್ಟವಿಲ್ಲದಿದ್ದರೂ, ಸಹಾಯಕ್ಕೆ ಆತ್ಮಗಳನ್ನು ಕರೆಯಬಹುದು, ಬೇರೆ ಆಟಗಾರರನ್ನು ಕರೆಯಬಹುದು, ದೊಡ್ಡ ಶತ್ರುವನ್ನು ಬಿಟ್ಟು ಬೇರೆ ದಿಕ್ಕಿಗೆ ಹೋಗಿ ಬಲ ಕೂಡಿಸಿಕೊಂಡು ಮರಳಬಹುದು. ವಿಶ್‌ಬ್ರಿಂಗರ್‌ನ ಕಲ್ಲು ಮಾಡಿದ ಕೆಲಸವನ್ನೇ ಇವು ಮಾಡುತ್ತವೆ. ಆಯ್ಕೆ ಇಲ್ಲವೆಂದು ಹೇಳುವ ಆಟದಲ್ಲಿಯೂ ಆಯ್ಕೆ ಇದ್ದೇ ಇದೆ.

ಇದಕ್ಕಿಂತ ಗಟ್ಟಿಯಾದ ಪ್ರತಿವಾದ ಲ್ಯೂಕಸ್ ಪೋಪ್ ಅವರ 2018ರ ‘ರಿಟರ್ನ್ ಆಫ್ ದ ಒಬ್ರಾ ಡಿನ್’ ಆಟದಿಂದ ಬರುತ್ತದೆ. ಹಡಗಿನಲ್ಲಿದ್ದ 60 ಮಂದಿಗೆ ಏನಾಯಿತು, ಯಾರು ಯಾರು ಎಂಬುದನ್ನು ಆಟಗಾರ ತರ್ಕದಿಂದ ಕಂಡುಹಿಡಿಯಬೇಕು. ಮೂವರ ವಿವರ ಒಟ್ಟಿಗೆ ಸರಿಯಾದಾಗ ಮಾತ್ರ ಆಟ ಅದನ್ನು ದೃಢಪಡಿಸುತ್ತದೆ, ಆದ್ದರಿಂದ ಬರಿಯ ಊಹೆಯಿಂದ ಗೆಲ್ಲುವುದು ಬಹಳ ಕಷ್ಟ. ಇಲ್ಲಿ ಪತ್ತೆ ಮಾಡುವ ಶ್ರಮವೇ ಕತೆ. ಅದನ್ನು ಕಡಿಮೆ ಮಾಡುವ ಮಟ್ಟವೊಂದನ್ನು ಸೇರಿಸಿದರೆ ಬೇರೆಯೇ ಆಟವಾಗುತ್ತದೆ ಎಂಬುದನ್ನು ನಾನು ಒಪ್ಪುತ್ತೇನೆ. ಎಲ್ಲ ಆಟಗಳ ಎಲ್ಲ ಭಾಗವೂ ಸಡಿಲವಾಗಬೇಕೆಂದು ನಾನು ಕೇಳುವುದಿಲ್ಲ. ನಿಮ್ಮ ಆಟದ ಜೀವಾಳವಾಗಿರುವ ಕಷ್ಟ ಯಾವುದು ಎಂದು ಮೊದಲು ನಿಮ್ಮನ್ನೇ ಕೇಳಿಕೊಳ್ಳಿ, ಅದನ್ನು ಬಿಗಿಯಾಗಿ ಕಾಯ್ದುಕೊಳ್ಳಿ. ಅದಲ್ಲದ ಮಿಕ್ಕ ಕಷ್ಟಗಳನ್ನೆಲ್ಲ ಆಟಗಾರನ ಅಧೀನಕ್ಕೆ ಬಿಡಿ. ನನ್ನ ಪತ್ರದ ತಿರುಳು ಇದು.

ಏಕೆಂದರೆ ಸಾಹಸ ಆಟಗಳ ಹೆಸರು ಕೆಡಿಸಿದ್ದು ಜೀವಾಳದ ಕಷ್ಟವಲ್ಲ, ಬೇಡದ ಕಷ್ಟ. ವಿಲ್ ಕ್ರೌದರ್ ಮತ್ತು ಡಾನ್ ವುಡ್ಸ್ ಅವರು 1970ರ ದಶಕದಲ್ಲಿ ರಚಿಸಿದ ಗುಹೆಯ ಆಟದಲ್ಲಿ, ವರ್ಣನೆ ಅಕ್ಷರಶಃ ಒಂದೇ ಆಗಿರುವ ಕೋಣೆಗಳ ಚಕ್ರವ್ಯೂಹವೊಂದಿದೆ. ಒಂದೊಂದು ಕೋಣೆಯಲ್ಲಿ ಒಂದೊಂದು ವಸ್ತುವನ್ನು ಬಿಟ್ಟು ಗುರುತಿಟ್ಟುಕೊಳ್ಳುತ್ತ ನಕ್ಷೆ ಬರೆದರೆ ಹೊರಬರಬಹುದು. ಇದು ಕಷ್ಟ, ಆದರೆ ಪ್ರಾಮಾಣಿಕ ಕಷ್ಟ, ಯೋಚಿಸಿದವರಿಗೆ ದಕ್ಕುತ್ತದೆ. ಇದಕ್ಕೆ ಹೋಲಿಸಿ 1990ರ ‘ಕಿಂಗ್ಸ್ ಕ್ವೆಸ್ಟ್ 5’ ಅನ್ನು ನೋಡಿ. ಹಿಮದ ಬೆಟ್ಟದಲ್ಲಿ ಎದುರಾಗುವ ಯೇತಿಯ ಮುಖಕ್ಕೆ ಕಡುಬಿನಂಥ ಸಿಹಿ ತಿಂಡಿಯೊಂದನ್ನು ಎಸೆಯಬೇಕು. ಹಸಿವಾದಾಗ ಅದನ್ನು ತಿಂದುಬಿಟ್ಟಿದ್ದರೆ ಮುಂದೆ ದಾರಿಯೇ ಇಲ್ಲ, ಅದನ್ನು ಆಟ ಹೇಳುವುದೂ ಇಲ್ಲ. 1999ರ ‘ಗೇಬ್ರಿಯಲ್ ನೈಟ್ 3’ರಲ್ಲಿ ಬೆಕ್ಕಿನ ಕೂದಲನ್ನು ಟೇಪಿಗೆ ಅಂಟಿಸಿಕೊಂಡು, ಸಿಹಿ ಪಾಕದಿಂದ ಅದನ್ನು ಮೀಸೆಯಾಗಿ ಹಚ್ಚಿಕೊಂಡು, ಮೀಸೆಯೇ ಇಲ್ಲದ ಗೆಳೆಯನ ಗುರುತುಚೀಟಿಯ ಚಿತ್ರಕ್ಕೂ ಮೀಸೆ ಬರೆದು ಬಾಡಿಗೆ ಬೈಕ್ ಪಡೆಯಬೇಕು. ಕಟ್ಟಿದವರ ತಲೆಯೊಳಗೆ ಇಣುಕಿ ನೋಡದೆ ಇದು ಯಾರಿಗೂ ಹೊಳೆಯಲಾರದು. ಇಂಥದ್ದನ್ನು ಸವಾಲು ಎಂದು ಕರೆದು ಸಮರ್ಥಿಸಿಕೊಳ್ಳುವುದು ಆಟಗಾರನಿಗೆ ಮಾಡುವ ಅನ್ಯಾಯ.

1984ರ ಮೊದಲ ‘ಕಿಂಗ್ಸ್ ಕ್ವೆಸ್ಟ್’ ಒಂದೇ ಒಗಟಿನಲ್ಲಿ ಎರಡೂ ಮುಖಗಳನ್ನು ತೋರಿಸುತ್ತದೆ. ಕುಬ್ಜನೊಬ್ಬನ ಹೆಸರನ್ನು ಊಹಿಸಬೇಕು. ಆ ಹೆಸರು ಒಂದು ಜರ್ಮನ್ ಜಾನಪದ ಕತೆಯದು, ಅದನ್ನೂ ನೇರವಾಗಿ ಹೇಳದೆ, ಇಂಗ್ಲಿಷ್ ಅಕ್ಷರಮಾಲೆಯನ್ನು ಕೊನೆಯಿಂದ ಮೊದಲಿಗೆ ತಿರುಗಿಸಿದ ಸಂಕೇತದಲ್ಲಿ ಬರೆಯಬೇಕು. ಆಳಂದದ ಹುಡುಗಿಗೆ ಈ ಕತೆಯೇ ಗೊತ್ತಿರುವುದಿಲ್ಲ. ಅವಳು ಎಷ್ಟು ಜಾಣೆಯಾದರೂ ಸೋಲುತ್ತಾಳೆ. ಆದರೆ ಅದೇ ಆಟ ಮೂರು ಸಲ ತಪ್ಪಿದವರಿಗೆ ಬೇರೊಂದು ದಾರಿಯ ಬೀಗದ ಕೈಯನ್ನು ಕೊಡುತ್ತಿತ್ತು. ಅಂಕ ಕಡಿಮೆ, ಕತೆ ಮಾತ್ರ ಮುಂದೆ ಸಾಗುತ್ತಿತ್ತು. ನಮ್ಮ ನಾಡಿನ ಕತೆಗಳನ್ನು ಆಟವಾಗಿಸುವಾಗ ಇದನ್ನು ನೆನಪಿಡಿ. ಅಲ್ಲಮನ ಬೆಡಗಿನ ವಚನವೊಂದನ್ನು ನೀವು ಬಾಗಿಲ ಬೀಗವಾಗಿ ಇಟ್ಟರೆ, ಬಸವಕಲ್ಯಾಣದ ಮಗುವಿಗೆ ಅದು ಮನೆಯ ಮಾತು. ಬೇರೆ ರಾಜ್ಯದಲ್ಲಿ ಬೆಳೆದ ಮಗುವಿಗೆ ಅದು ಗೋಡೆ.

ಇನ್ನು ನಮ್ಮ ಭಾಗದ ಪರಿಸ್ಥಿತಿಯನ್ನು ಹೇಳಬೇಕು, ಏಕೆಂದರೆ ಆಟ ಕಟ್ಟುವ ಕೋಣೆಯಲ್ಲಿ ಇದು ಕಾಣುವುದಿಲ್ಲ. ಇಲ್ಲಿನ ಅನೇಕ ಮಕ್ಕಳ ಮನೆಯಲ್ಲಿ ಕಂಪ್ಯೂಟರ್ ಇಲ್ಲ. ಗಂಟೆಯ ಲೆಕ್ಕದಲ್ಲಿ ದುಡ್ಡು ಕೊಟ್ಟು ಅಂಗಡಿಯಲ್ಲಿ ಆಡುತ್ತಾರೆ, ಇಲ್ಲವೇ ಅಣ್ಣನ ಫೋನನ್ನು ಸ್ವಲ್ಪ ಹೊತ್ತು ಕೇಳಿ ಪಡೆಯುತ್ತಾರೆ. ಒಂದೇ ಒಗಟಿನ ಮುಂದೆ ಮುಕ್ಕಾಲು ಗಂಟೆ ಕುಳಿತವನಿಗೆ ನಷ್ಟವಾಗುವುದು ತಾಳ್ಮೆ ಮಾತ್ರವಲ್ಲ, ಜೇಬಿನ ದುಡ್ಡೂ ಹೌದು. ಬೇಸಿಗೆಯಲ್ಲಿ ಕರೆಂಟ್ ಯಾವ ಗಳಿಗೆಯಲ್ಲಿ ಹೋಗುತ್ತದೆಂದು ಹೇಳಲಾಗದು. ಸೇವ್ ಮಾಡುವ ಜಾಗಗಳನ್ನು ದೂರ ದೂರ ಇಟ್ಟು ಅದನ್ನೇ ಸವಾಲೆಂದು ಭಾವಿಸುವ ವಿನ್ಯಾಸಕರಿಗೆ, ಯುಪಿಎಸ್ ಇಲ್ಲದ ಮನೆಯಲ್ಲಿ ಆ ಸವಾಲು ಏನಾಗುತ್ತದೆ ಎಂಬ ಕಲ್ಪನೆ ಇರಲಿ. ಎಲ್ಲಿ ಬೇಕಾದರೂ ಸೇವ್ ಮಾಡುವ ಅವಕಾಶವನ್ನು ಒಂದು ಆಯ್ಕೆಯಾಗಿಯಾದರೂ ಕೊಡಿ. ಬೇಡದವರು ಅದನ್ನು ಮುಚ್ಚಿಡುತ್ತಾರೆ. ಇದರ ಜೊತೆಗೆ ಭಾಷೆಯ ಮಾತೂ ಇದೆ. ಸುಳಿವೆಲ್ಲ ಇಂಗ್ಲಿಷಿನ ಉದ್ದುದ್ದ ಸಂಭಾಷಣೆಗಳಲ್ಲಿ ಅಡಗಿದ್ದು, ಆ ಸಾಲುಗಳು ಓದಿ ಮುಗಿಯುವ ಮೊದಲೇ ಪರದೆಯಿಂದ ಮರೆಯಾಗುವಾಗ, ಕನ್ನಡ ಮಾಧ್ಯಮದ ಮಗು ಸೋಲುವುದು ಒಗಟಿಗಲ್ಲ. ಸಾಲುಗಳು ಬಟನ್ ಒತ್ತುವವರೆಗೆ ನಿಲ್ಲುವಂತೆ ಮಾಡುವುದು, ಕೇಳಿದ ಮಾತುಗಳನ್ನು ಮತ್ತೆ ಓದಲು ಒಂದು ಪುಟ ಇಡುವುದು ಕೂಡ ಕಷ್ಟದ ಮಟ್ಟದ ಆಯ್ಕೆಗಳೇ. ಕನ್ನಡದ ಅಕ್ಷರಗಳು ಆಟದಲ್ಲಿ ಇರಬೇಕೆಂದು ಬೇರೆಯಾಗಿ ಹೇಳಬೇಕಾಗಿಲ್ಲ ಎಂದುಕೊಂಡಿದ್ದೇನೆ.

ಅಂಗವಿಕಲರ ಹಕ್ಕುಗಳ ಕಾಯ್ದೆ, 2016 ನಮ್ಮ ದೇಶದಲ್ಲಿ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿದೆ. ಬೆರಳುಗಳು ಬೇಗ ಓಡದವರು, ಕೆಂಪು ಹಸಿರು ಬೇರ್ಪಡಿಸಿ ಕಾಣಲಾಗದವರು, ಒಂದೇ ಕೈಯಿಂದ ಆಡುವವರು, ಅಕ್ಷರಗಳನ್ನು ನಿಧಾನವಾಗಿ ಓದುವವರು ನಮ್ಮ ತರಗತಿಗಳಲ್ಲಿದ್ದಾರೆ. 2020ರ ‘ದ ಲಾಸ್ಟ್ ಆಫ್ ಅಸ್ ಪಾರ್ಟ್ 2’ ಇಂಥವರಿಗಾಗಿ 60ಕ್ಕೂ ಹೆಚ್ಚು ಸೆಟ್ಟಿಂಗ್‌ಗಳನ್ನು ಕೊಟ್ಟಿತು. ದೃಷ್ಟಿಯಿಲ್ಲದವರು ಶಬ್ದದ ಸುಳಿವುಗಳಿಂದಲೇ ಆ ಆಟವನ್ನು ಕೊನೆಯವರೆಗೆ ಆಡಿ ಮುಗಿಸಿದ್ದಾರೆ. ಅಷ್ಟು ದೊಡ್ಡ ತಂಡ, ಅಷ್ಟು ಹಣ ನಿಮ್ಮಲ್ಲಿಲ್ಲ ಎಂಬುದನ್ನು ಬಲ್ಲೆ. ಆದರೆ 2018ರಲ್ಲಿ ಒಂದು ಚಿಕ್ಕ ತಂಡ ತಂದ ‘ಸೆಲೆಸ್ಟ್’ ಎಂಬ ಜಿಗಿತದ ಆಟದಲ್ಲಿ, ಆಟದ ವೇಗವನ್ನೇ ಶೇ 10ರಷ್ಟರಂತೆ ಹಂತಹಂತವಾಗಿ ತಗ್ಗಿಸುವ ಅವಕಾಶವಿದೆ. ಓಡುವ, ಜಿಗಿಯುವ ಭಾಗಗಳಿರುವ ಸಾಹಸ ಆಟಕ್ಕೆ ಇದೊಂದೇ ಆಯ್ಕೆ ಎಷ್ಟೋ ಜನರಿಗೆ ಬಾಗಿಲು ತೆರೆಯುತ್ತದೆ.

ಖರ್ಚಿನ ಪ್ರಶ್ನೆ ನಿಜವಾದದ್ದು. 1991ರ ‘ಮಂಕಿ ಐಲೆಂಡ್ 2’ ಒಂದೇ ಕತೆಯನ್ನು ಪೂರ್ಣ ಒಗಟುಗಳೊಂದಿಗೂ, ಹಲವು ಒಗಟುಗಳನ್ನು ತೆಗೆದ ಹಗುರ ರೂಪದಲ್ಲಿಯೂ ಕೊಟ್ಟಿತು. ಹೀಗೆ ಎರಡು ರೂಪ ಕಟ್ಟುವುದೆಂದರೆ ಎರಡು ಪಟ್ಟು ಪರೀಕ್ಷೆ, ಎರಡು ಪಟ್ಟು ತಪ್ಪುಗಳು. ಮೂರ್ನಾಲ್ಕು ಜನರ ತಂಡಕ್ಕೆ ನಾನು ಇದನ್ನು ಸೂಚಿಸುವುದಿಲ್ಲ. ಅದೇ ಸರಣಿಯ 2022ರ ‘ರಿಟರ್ನ್ ಟು ಮಂಕಿ ಐಲೆಂಡ್’ ಆ ಎರಡು ರೂಪಗಳ ಜೊತೆಗೆ ನಾಯಕನ ಕೈಗೇ ಒಂದು ಸುಳಿವಿನ ಪುಸ್ತಕವನ್ನು ಕೊಟ್ಟಿದೆ. ಕೇಳಿದಷ್ಟೇ, ಹಂತಹಂತವಾಗಿ ಅದು ಹೇಳುತ್ತದೆ. ಚಿಕ್ಕ ತಂಡಕ್ಕೆ ಎಟುಕುವುದು ಈ ಸುಳಿವಿನ ಪುಸ್ತಕ. ನಾಲ್ಕು ಹಂತದ ಸುಳಿವುಗಳನ್ನು ಬರೆಯಲು ಬೇಕಾದದ್ದು ಒಬ್ಬ ಒಳ್ಳೆಯ ಬರಹಗಾರ ಅಥವಾ ಬರಹಗಾರ್ತಿ ಮತ್ತು ಕೆಲವು ವಾರಗಳ ಸಮಯ.

ಸುಳಿವು ಕೊಟ್ಟರೆ ಆಟಗಾರರು ಯೋಚಿಸುವುದನ್ನೇ ಬಿಡುತ್ತಾರೆ ಎಂದು ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬಲವಾಗಿ ವಾದಿಸುತ್ತಾನೆ. ನಾನು ಅವನಿಗೆ ಹೇಳುವುದು ಇಷ್ಟೆ: ನೀನು ಕೊಡದಿದ್ದರೆ ಅವರು ಯೂಟ್ಯೂಬಿಗೆ ಹೋಗುತ್ತಾರೆ. ಅಲ್ಲಿ ಹಂತಗಳಿಲ್ಲ. ಒಂದು ಬಾಗಿಲಿನ ಉತ್ತರ ಹುಡುಕಿದವನಿಗೆ ಮುಂದಿನ ಮೂರು ಕೋಣೆಗಳೂ, ಕೆಲವೊಮ್ಮೆ ವಿಡಿಯೊದ ಮುಖಚಿತ್ರದಲ್ಲಿಯೇ ಕತೆಯ ಅಂತ್ಯವೂ ಕಂಡುಬಿಡುತ್ತದೆ. ಒಮ್ಮೆ ಹಾಗೆ ಹೋದವನು ಎರಡನೆಯ ಒಗಟಿಗೆ ಇನ್ನೂ ಬೇಗ ಹೋಗುತ್ತಾನೆ, ಇದನ್ನು ಮಕ್ಕಳಲ್ಲಿ ನಾನು ಕಣ್ಣಾರೆ ನೋಡುತ್ತಿದ್ದೇನೆ. ಆಟದೊಳಗಿನ ಮೆಲುವಾದ ಸುಳಿವು ಯೋಚನೆಯನ್ನು ಕೊಲ್ಲುವುದಿಲ್ಲ. ಹೊರಗಿನ ಪೂರ್ಣ ಉತ್ತರದಿಂದ ಅದನ್ನು ಕಾಪಾಡುತ್ತದೆ.

ಆಯ್ಕೆಯನ್ನು ಕೊಡುವ ರೀತಿಯೂ ಮುಖ್ಯ. 1992ರ ‘ವುಲ್ಫೆನ್‌ಸ್ಟೈನ್ 3ಡಿ’ ಎಂಬ ಗುಂಡು ಹಾರಿಸುವ ಆಟದಲ್ಲಿ ಅತಿ ಸುಲಭದ ಮಟ್ಟವನ್ನು ಆಯ್ದರೆ ನಾಯಕನ ತಲೆಗೆ ಕೂಸಿನ ಕುಲಾವಿ ತೊಡಿಸಿ, ‘ಅಪ್ಪಾ, ನಾನೂ ಆಡಲಾ?’ ಎಂಬ ಅರ್ಥದ ಹೆಸರಿಟ್ಟಿದ್ದರು. ಇಂಥ ಅಣಕವನ್ನು ದಯವಿಟ್ಟು ಅನುಕರಿಸಬೇಡಿ. ಮೊದಲ ಬಾರಿಗೆ ಕಂಟ್ರೋಲರ್ ಹಿಡಿದ ತಾಯಿಯೊಬ್ಬರು ಮಗಳ ಪಕ್ಕ ಕುಳಿತು ಆಡಲು ಬಂದಾಗ ಅವರನ್ನು ನಗೆಪಾಟಲು ಮಾಡುವ ಹಕ್ಕು ಆಟಕ್ಕಿಲ್ಲ. ಪ್ರತಿ ಮಟ್ಟದಲ್ಲಿ ಏನು ಬದಲಾಗುತ್ತದೆ ಎಂಬುದನ್ನು ಸರಳ ವಾಕ್ಯದಲ್ಲಿ ಬರೆಯಿರಿ. ‘ಈ ಆಟವನ್ನು ನಾವು ಕಲ್ಪಿಸಿಕೊಂಡದ್ದು ಈ ಮಟ್ಟದಲ್ಲಿ’ ಎಂದು ನಿಮ್ಮ ಇಚ್ಛೆಯನ್ನೂ ಮುಚ್ಚುಮರೆಯಿಲ್ಲದೆ ತಿಳಿಸಿ. ಬಹುಪಾಲು ಆಟಗಾರರು ಅದನ್ನು ಗೌರವಿಸುತ್ತಾರೆ. ಒಮ್ಮೆ ಆಯ್ದ ಮಟ್ಟವನ್ನು ನಡುವೆ ಬದಲಿಸಲು ಬಿಡಿ. ಆಟವನ್ನು ಇನ್ನೂ ನೋಡಿಯೇ ಇರದವರಿಗೆ, ತಮಗೆ ಯಾವ ಮಟ್ಟ ಸರಿ ಎಂದು ಮೊದಲ ಪರದೆಯಲ್ಲಿ ಹೇಗೆ ತಾನೇ ಗೊತ್ತಾಗಬೇಕು?

ಬೀದರಿನ ನೌಬಾದಿನಲ್ಲಿರುವ ಸುರಂಗ ಬಾವಿಯನ್ನು ಹಿನ್ನೆಲೆಯಾಗಿಟ್ಟುಕೊಂಡು ಒಂದು ಒಗಟನ್ನು ಯೋಚಿಸಿ ನೋಡೋಣ. ಬಹಮನಿ ಕಾಲದ ಆ ಕರೇಜಿನಲ್ಲಿ, ಅಂದರೆ ನೆಲದಡಿಯ ನೀರಿನ ವ್ಯವಸ್ಥೆಯಲ್ಲಿ, ಕಾಲುವೆ ಇಳಿಜಾರಿನಲ್ಲಿ ಹರಿಯುತ್ತದೆ. ಮೇಲಿನಿಂದ ಅಲ್ಲಲ್ಲಿ ಬಾವಿಯಂತೆ ತೋಡಿದ ಕಿಂಡಿಗಳಿಂದ ಗಾಳಿ ಬೆಳಕು ಇಳಿಯುತ್ತದೆ. ಯಾವ ಕಿಂಡಿಯ ಕೆಳಗೆ ನೀರು ಕಟ್ಟಿಕೊಂಡಿದೆ ಎಂಬುದನ್ನು ಪತ್ತೆ ಮಾಡಬೇಕು ಎನ್ನುವುದು ಒಗಟಾಗಿರಲಿ. ನೀರು ಯಾವ ಕಡೆಯಿಂದ ಯಾವ ಕಡೆಗೆ ಹರಿಯುತ್ತದೆ, ಇಳಿಜಾರು ಎಲ್ಲಿದೆ, ಒಂದು ಕಡೆ ನೀರು ನಿಂತರೆ ಮುಂದಿನ ಕಿಂಡಿಗಳಲ್ಲಿ ಏನಾಗಬೇಕು ಎಂಬ ತರ್ಕ ಇಲ್ಲಿನ ಜೀವಾಳ; ಅದನ್ನು ಯಾವ ಮಟ್ಟದಲ್ಲಿಯೂ ಸಡಿಲಿಸಬೇಡಿ. ಆದರೆ ನೀರಿನ ಸದ್ದನ್ನು ಕೇಳಲಾಗದವರಿಗೆ ಕಿಂಡಿಯೊಳಗೆ ಬಿಟ್ಟ ಎಲೆ ತೇಲುವುದನ್ನು ತೋರಿಸಿ. ದೀಪದ ಎಣ್ಣೆ ಮುಗಿಯುವುದರೊಳಗೆ ಹೊರಬರಬೇಕೆಂಬ ಕಾಲಮಿತಿಯನ್ನು ಬೇಡದವರು ತೆಗೆದುಹಾಕಲಿ. ಕತ್ತಲಲ್ಲಿ ಕಲ್ಲಿನ ಅಂಚು ಕಾಣದವರಿಗೆ ಅಂಚನ್ನು ಬೆಳಗಿಸಿ. ಹೊಲದಲ್ಲಿ ದುಡಿಯುವ ಮುದುಕನ ಪಾತ್ರವೊಂದು, ಕೇಳಿದರೆ ಮಾತ್ರ, ‘ಮೊದಲು ಯಾವ ಬಾವ್ಯಾಗ ನೀರು ಕಡಿಮಿ ಆತು, ಅದು ನೋಡಪ್ಪ’ ಎಂದು ಹೇಳಲಿ. ಇನ್ನೊಮ್ಮೆ ಕೇಳಿದರೆ ಇನ್ನೊಂದಿಷ್ಟು. ಒಗಟು ಒಂದೇ. ಅದರ ಬಳಿಗೆ ಬರುವ ದಾರಿಗಳು ಹಲವು.

ಇಲಾಖೆಯ ಅಧಿಕಾರಿಗಳಲ್ಲಿ ನನ್ನ ವಿನಂತಿ ಚಿಕ್ಕದು. ಸರ್ಕಾರದ ನೆರವು ಪಡೆಯುವ ಸಾಹಸ ಆಟಗಳ ಅರ್ಜಿಯಲ್ಲಿ, ಆಡುವವರು ಯಾವ ಯಾವ ಕಷ್ಟಗಳನ್ನು ತಮಗೆ ತಕ್ಕಂತೆ ಬದಲಿಸಿಕೊಳ್ಳಬಹುದು, ಯಾವುದನ್ನು ಬದಲಿಸಲಾಗದು ಮತ್ತು ಏಕೆ ಎಂದು ತಂಡವು ವಿವರಿಸುವ ಒಂದು ಅಂಕಣ ಇರಲಿ. ಇಂತಿಷ್ಟು ಮಟ್ಟ ಇರಲೇಬೇಕೆಂದು ಆದೇಶ ಮಾಡುವುದು ಬೇಡ. ಒಬ್ರಾ ಡಿನ್‌ನಂಥ ಆಟ ನಮ್ಮಲ್ಲಿಯೂ ಹುಟ್ಟಬೇಕಲ್ಲವೇ. ಕಾರಣ ಯೋಚಿಸಿ ಬರೆಯಬೇಕಾದ ಒತ್ತಾಯವೊಂದಿದ್ದರೆ ಸಾಕು. ಹಾಗೆಯೇ, ನೆರವು ಪಡೆದ ಆಟದ ಪರೀಕ್ಷಾ ಆವೃತ್ತಿಯನ್ನು ಬೆಂಗಳೂರಿನ ಆಚೆಗೂ ಆಡಿಸಿ ನೋಡಬೇಕೆಂಬ ನಿಯಮ ಬರಲಿ.

ವಿನ್ಯಾಸಕರಿಗೆ ಹೇಳುವುದೂ ಅದನ್ನೇ. ನಿಮ್ಮ ಆಟ ಮುಗಿಯುವ ಮೊದಲೇ, ತಿದ್ದಲು ಸಮಯ ಇರುವಾಗಲೇ, ಅದನ್ನು ಕಲಬುರಗಿ, ಬೀದರ್, ಯಾದಗಿರಿಯ ಕಾಲೇಜುಗಳಿಗೆ ತನ್ನಿ. ಎಲ್ಲಿ ಸಿಕ್ಕಿಕೊಂಡರು, ಎಲ್ಲಿ ಬೇಸರಪಟ್ಟು ಎದ್ದರು, ಎಲ್ಲಿ ತಾವಾಗಿಯೇ ಬಿಡಿಸಿ ಹಿಗ್ಗಿದರು ಎಂಬುದನ್ನು ಪಕ್ಕದಲ್ಲಿ ಕುಳಿತು ಬರೆದುಕೊಳ್ಳಿ. ನಮ್ಮ ಪ್ರಯೋಗಾಲಯದ ಯಂತ್ರಗಳು ಹಳೆಯವು, ಆದರೆ ಆಡಲು ಮಕ್ಕಳು ಸಿದ್ಧರಿದ್ದಾರೆ. ಶನಿವಾರ ಮಧ್ಯಾಹ್ನದ ನಂತರ ಪ್ರಯೋಗಾಲಯ ಖಾಲಿ ಇರುತ್ತದೆ.

ಇಂತಿ ತಮ್ಮ ವಿಶ್ವಾಸಿ,
ಕಂಪ್ಯೂಟರ್ ವಿಜ್ಞಾನದ ಒಬ್ಬ ಉಪನ್ಯಾಸಕ
ಕಲಬುರಗಿ